ಕೋವಿಯೂ ಘಟ್ಟದ ದಾರಿಯೂ: ನೀಲಗಿರಿಯ ಇತಿಹಾಸದಿಂದ ಒಂದು ಅಧ್ಯಾಯ

ಬೆಟ್ಟದ ಮೇಲಣ ವಿಹಾರನಗರಗಳಲ್ಲಿ ಉದಕಮಂಡಲದಷ್ಟು ಹೆಸರಾದುದು ದಕ್ಷಿಣ ದೇಶದಲ್ಲಿ ಮತ್ತೊಂದಿಲ್ಲ. ಇಂದು ಅಲ್ಲಿಗೆ ಬರುವ ಅತಿಥಿಯು ಇಳಿದುಕೊಳ್ಳಲು ಸ್ಥಳವನ್ನೂ ಸುತ್ತಾಡಲು ಚೆಲುವಾದ ದಾರಿಯನ್ನೂ ವಿಚಾರಿಸುತ್ತಾನೆ. ನೂರೈವತ್ತು ವರ್ಷಗಳ ಹಿಂದೆ ಬಂದ ಅತಿಥಿಯೂ ದಾರಿಯನ್ನು ವಿಚಾರಿಸುತ್ತಿದ್ದನು. ಅದರ ಜೊತೆಗೆ ಕೋವಿಗೆ ಬೇಕಾದ ಮದ್ದುಗುಂಡು ಎಲ್ಲಿ ದೊರೆಯುವುದೆಂದೂ ವಿಚಾರಿಸುತ್ತಿದ್ದನು. ದಾರಿ ಉಳಿದಿದೆ, ಕೋವಿಯ ಸದ್ದು ಅಡಗಿದೆ. ಇವೆರಡೂ ಒಟ್ಟಿಗೆ ಬೆಟ್ಟವನ್ನೇರಿದ ಬಗೆಯನ್ನೂ, ಒಂದಕ್ಕೆ ಒದಗಿದ ಕಟ್ಟುಪಾಡು ಕಾಲಾನಂತರದಲ್ಲಿ ಇನ್ನೊಂದಕ್ಕೂ ಒದಗಿದ ಬಗೆಯನ್ನೂ ಈ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂಬುದು ನಮ್ಮ ಉದ್ದೇಶ. ಈ ಘಟ್ಟಗಳ ಮೇಲೂ ಕೆಳಗೂ ತಲೆತಲಾಂತರದಿಂದ ಬಾಳುತ್ತಿರುವ ಕನ್ನಡ ಮನೆತನಗಳಿಗೆ ಇದು ಕೇವಲ ಪರರ ವಿನೋದದ ಕಥೆಯಲ್ಲ.

ಸಾಹೇಬರು ಬರುವುದಕ್ಕೆ ಬಹು ಮೊದಲೇ ನೀಲಗಿರಿಗೆ ದಾರಿಗಳಿದ್ದುವು. ಚಾಮರಾಜನಗರದ ೧೧೧೭ರ ಕನ್ನಡ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಹೊಕ್ಕನೆಂದು ಹೇಳುತ್ತದೆ. ನೀಲಗಿರಿಯ ತೋಡ ಜನರನ್ನು ಕುರಿತು ನಮಗೆ ದೊರೆತಿರುವ ಅತಿ ಹಳೆಯ ಲಿಖಿತ ಉಲ್ಲೇಖವು ಹೀಗೆ ಕನ್ನಡದಲ್ಲಿಯೇ ಇದೆ. ಬೆಟ್ಟದ ಬುಡದಲ್ಲಿ, ಮೋಯಾರು ಭವಾನಿಯನ್ನು ಕೂಡುವೆಡೆಯಲ್ಲಿ, ದಣಾಯಕನಕೋಟೆಯಿದ್ದಿತು. ಬಯಲಿನಿಂದ ಬೆಟ್ಟಕ್ಕೆ ಹೋಗುವವರಿಗೆ ಅದು ಹೆಬ್ಬಾಗಿಲು. ೧೮೦೦ರಲ್ಲಿ ಬುಕಾನನನು ಈ ಸೀಮೆಯಲ್ಲಿ ಸಂಚರಿಸುವಾಗ ಅಲ್ಲಿಂದಲೇ ಬೆಟ್ಟದ ಒಂದು ಮಗ್ಗುಲನ್ನು ಏರಿ ನೋಡಿದನು. ಆ ಕೋಟೆ ಈಗ ಭವಾನಿಸಾಗರದ ನೀರಿನಡಿಯಲ್ಲಿದೆ.

ಬಡಗರು ತಮ್ಮ ಹಿರಿಯರು ಮೈಸೂರು ಸೀಮೆಯಿಂದ, ಅಂದರೆ ಬಡಗಣ ದಿಕ್ಕಿನಿಂದ, ಬಂದವರೆಂದು ಹೇಳಿಕೊಳ್ಳುತ್ತಾರೆ. ಅವರ ನುಡಿಗೂ ಕನ್ನಡಕ್ಕೂ ಇರುವ ನಂಟು ಕೇಳಿದೊಡನೆಯೇ ತಿಳಿಯುವಂಥದು. ನೀಲಗಿರಿಯ ಅತ್ಯುನ್ನತ ಶಿಖರವಾದ ದೊಡ್ಡಬೆಟ್ಟವು (೨,೬೩೭ ಮೀಟರು) ತನ್ನ ಹೆಸರಿಗೆ ಯಾವ ನಿಘಂಟನ್ನೂ ಬೇಡುವುದಿಲ್ಲ. ಹುಲಿಕಲ್ಲು, ಕಲ್ಲಹಟ್ಟಿ ಎಂಬ ಹೆಸರುಗಳೂ ಹಾಗೆಯೇ. ಊರಿಗೆ 'ಹಟ್ಟಿ'ಯೆನ್ನುವ ರೂಢಿ ಬೆಟ್ಟದುದ್ದಕ್ಕೂ ಹರಡಿದೆ. ಕಾಳು, ಉಪ್ಪು, ಬಟ್ಟೆ, ದನಕರುಗಳು ಏರಿಳಿದ ಕಾಲುದಾರಿಗಳು ಈ ಹಟ್ಟಿಗಳನ್ನು ಬಯಲಿಗೆ ಹೊಂದಿಸಿದ್ದುವು. ಆ ದಾರಿಗಳಿಗೆ ಇಂಜಿನಿಯರುಗಳಿರಲಿಲ್ಲ. ನಡೆದವರ ಹೆಜ್ಜೆಯೇ ಅವುಗಳ ನಕ್ಷೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ನೀಲಗಿರಿಯು ಕೊಯಮತ್ತೂರು ಸೀಮೆಯೊಡನೆ ಕಂಪೆನಿಯ ಕೈಸೇರಿತು. ೧೮೧೨ರಲ್ಲಿ ಕೀಸ್ ಮತ್ತು ಮ್ಯಾಕ್‌ಮಹೋನ್ ಎಂಬ ಅಳತೆಗಾರರೂ, ೧೮೧೮ರಲ್ಲಿ ವಿಷ್ ಮತ್ತು ಕಿಂಡರ್ಸ್ಲಿ ಎಂಬ ಅಧಿಕಾರಿಗಳೂ ಬೆಟ್ಟವನ್ನೇರಿ ಬಂದರು. ೧೮೧೯ರಲ್ಲಿ ಕೊಯಮತ್ತೂರಿನ ಕಲೆಕ್ಟರನಾದ ಜಾನ್ ಸಲಿವನ್ನನು ತಾನೇ ಬಂದು ನೋಡಿ, ಇಲ್ಲಿಯ ತಂಪಿಗೆ ಮನಸೋತು, ಕೋತಗಿರಿಯ ಬಳಿ ಮನೆ ಕಟ್ಟಿಸಿದನು. ಆತನು ಮೊದಲು ಬೇಡಿದುದು ದಾರಿಯನ್ನು. ಸಿರುಮುಗೈಯಿಂದ ಕೋತಗಿರಿಯ ಕಡೆಗೆ ಕುದುರೆ ಏರಬಹುದಾದ ದಾರಿಯನ್ನು ಮ್ಯಾಕ್‌ಫರ್ಸನ್ ಎಂಬ ಲೆಫ್ಟಿನೆಂಟನು ೧೮೨೩ರ ವೇಳೆಗೆ ಮುಗಿಸಿದನು. ೧೮೨೨ರಲ್ಲಿ ಸಲಿವನ್ನನು ಉದಕಮಂಡಲದಲ್ಲಿ ಕಲ್ಲಿನ ಮನೆಯನ್ನು ಕಟ್ಟಿಸಲು ತೊಡಗಿದನು. ತರುವಾಯ ಕೆರೆಯನ್ನೂ ಕಟ್ಟಿಸಿದನು. ತೋಡರ ಮಂದೆಯ ನೆಲವು ವಿಹಾರನಗರವಾಗತೊಡಗಿದುದು ಹೀಗೆ.

ಕೋತಗಿರಿಯ ದಾರಿ ಬಳಸಾಯಿತೆಂದು ೧೮೩೦ರ ಬಳಿಕ ಗವರ್ನರ್ ಲಷಿಂಗ್ಟನ್ನನ ಕಾಲದಲ್ಲಿ ಕುನ್ನೂರು ಘಟ್ಟವನ್ನು ಕಡಿದರು. ಅದೇ ದಶಕದಲ್ಲಿ ಮೈಸೂರಿನ ಕಡೆಯಿಂದ ಬರುವವರಿಗಾಗಿ ಸೀಗೂರು ಘಟ್ಟವು ಸಿದ್ಧವಾಯಿತು. ಮದರಾಸಿನ ದೊರೆಗಳಿಗೆ ಆಗ ಬೆಂಗಳೂರು, ಮೈಸೂರು, ಗುಂಡ್ಲುಪೇಟೆಗಳ ದಾರಿಯೇ ರಾಜಮಾರ್ಗವಾಗಿದ್ದಿತು. ೧೮೩೪ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಉದಕಮಂಡಲದಲ್ಲಿ ತಂಗಿದ್ದಾಗ ಮೆಕಾಲೆಯು ಮದರಾಸಿನಿಂದ ಸುಮಾರು ನಾನೂರು ಮೈಲಿ ಪಲ್ಲಕ್ಕಿಯಲ್ಲಿ ಬಂದನು. ನಡುವೆ ಶ್ರೀರಂಗಪಟ್ಟಣವನ್ನು ನೋಡಿಕೊಂಡು ಹೋದನು. ಆ ನಾನೂರು ಮೈಲಿಯನ್ನು ನಡೆದವರು ಬೋಯಿಗಳು. ಭಾರತದ ವಿದ್ಯಾಭ್ಯಾಸದ ದಿಕ್ಕನ್ನು ಬದಲಿಸಿದವನನ್ನು ಹೊತ್ತು ತಂದ ಆ ಹೆಗಲುಗಳ ಹೆಸರನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. ಘಟ್ಟದ ಬಂಡೆಯನ್ನು ಸೀಳಿದ ಕೈಗಳ ಸ್ಥಿತಿಯೂ ಅದೇ.

ಮುಂದೆ ೧೮೭೩ರಲ್ಲಿ ಮೆಟ್ಟುಪಾಳಯಕ್ಕೆ ರೈಲು ಬಂದಿತು. ೧೮೯೯ರಲ್ಲಿ ಹಲ್ಲುಕಂಬಿಯ ಬೆಟ್ಟದ ರೈಲು ಕುನ್ನೂರಿಗೆ ಏರಿತು. ೧೯೦೮ರಲ್ಲಿ ಉದಕಮಂಡಲವನ್ನು ಮುಟ್ಟಿತು. ೪೬ ಕಿಲೋಮೀಟರಿನಷ್ಟು ಉದ್ದದ ಈ ದಾರಿಯು ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅಲ್ಲಿಂದ ಮುಂದೆ ಮದರಾಸಿನ ಅತಿಥಿಗಳು ಕೊಯಮತ್ತೂರಿನ ದಿಕ್ಕಿಗೆ ತಿರುಗಿಕೊಂಡರು; ಸೀಗೂರು ಘಟ್ಟದ ವೈಭವ ಇಳಿಯಿತು.

ಇನ್ನು ಕೋವಿಯ ಮಾತು. 'ಕೋವಿ'ಯೆಂಬ ನಮ್ಮ ಪದಕ್ಕೆ ಕೊಳವೆಯೆಂಬುದೂ ಅರ್ಥ. ಮದ್ದು ಸಿಡಿಸುವ ಕೊಳವೆ ಬಂದಾಗ ಹಳೆಯ ಹೆಸರನ್ನೇ ಅದಕ್ಕೆ ಕೊಟ್ಟೆವು. 'ತುಪಾಕಿ', 'ಬಂದೂಕು' ಎಂಬುವು ಹೊರಗಿನಿಂದ ಬಂದ ಮಾತುಗಳು. ದೊರೆಗಳು ತಂದ ಮೊದಲ ಕೋವಿಗಳು ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವಂಥವು. ಒಂದು ಈಡು ಹಾರಿದ ಮೇಲೆ ಇನ್ನೊಂದನ್ನು ತುಂಬುವಷ್ಟರಲ್ಲಿ ಮೃಗವು ಒಂದು ಬೆಟ್ಟವನ್ನು ದಾಟಬಹುದಾಗಿತ್ತು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂಬದಿಯಿಂದ ತೋಟಾ ಹಾಕುವ ಜೋಡುನಳಿಗೆಯ ಕೋವಿಗಳು ರೂಢಿಗೆ ಬಂದುವು. ಬೇಟೆಗಾರನ ಕೈ ಚುರುಕಾಯಿತು. ಮೃಗದ ಆಯುಸ್ಸು ಮೊಟಕಾಯಿತು.

ಈ ಕೋವಿಗಳಲ್ಲಿ ಉತ್ತಮವಾದುವು ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳಲ್ಲಿ ತಯಾರಾದುವು. ಮದರಾಸಿನಲ್ಲಿ ಗಡಿಯಾರ, ಒಡವೆಗಳಿಗೆ ಹೆಸರಾದ ಪಿ. ಆರ್ ಅಂಡ್ ಸನ್ಸ್ ಅಂಗಡಿಯು ಕೋವಿಗಳನ್ನೂ ಮಾರುತ್ತಿದ್ದಿತು. ಹೀಗೆ ಒಂದೇ ಅಂಗಡಿಯಲ್ಲಿ ಗಡಿಯಾರವನ್ನೂ ಕೋವಿಯನ್ನೂ ಕೊಳ್ಳುವುದು ಅಂದಿನ ದೊರೆಗಳಿಗೆ ವಿಚಿತ್ರವೆನಿಸುತ್ತಿರಲಿಲ್ಲ. ಹೊಡೆದ ಮೃಗದ ತಲೆ, ತೊಗಲುಗಳನ್ನು ಹದಮಾಡಿ ಗೋಡೆಗೆ ಏರಿಸುವುದಕ್ಕೆ ಘಟ್ಟದ ಕೆಳಗೆ ಮೈಸೂರಿನಲ್ಲಿಯೇ ಏರ್ಪಾಡಿತ್ತು. ಅಲ್ಲಿಯ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆಯು ೨೦ನೆಯ ಶತಮಾನದುದ್ದಕ್ಕೂ ಈ ಕೆಲಸಕ್ಕೆ ಲೋಕವಿಖ್ಯಾತವಾಗಿದ್ದಿತು.

ಬೇಟೆಯು ಅಂದಿನ ಉದಕಮಂಡಲದಲ್ಲಿ ಒಂದು ಸಾಮಾಜಿಕ ಕಲಾಪ. ಕಾಯಿಲೆ ಬಿದ್ದ ಸೈನ್ಯಾಧಿಕಾರಿಗಳು ಇಲ್ಲಿಗೆ ಗಾಳಿ ಸೇವನೆಗೆಂದು ಬರುತ್ತಿದ್ದರು. ೧೮೪೭ರಲ್ಲಿ ಹೀಗೆಯೇ ಬಂದಿದ್ದ ರಿಚರ್ಡ್ ಬರ್ಟನ್ನನು ತನ್ನ ಅನುಭವಗಳನ್ನು ೧೮೫೧ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಜಗತಳವೆಂಬ ಬಡಗ ಊರಿನ ಹತ್ತಿರ ೧೮೫೦ರ ದಶಕದಲ್ಲಿ ಸೈನ್ಯದ ಬಿಡಾರಗಳೆದ್ದು, ಆ ಸ್ಥಳಕ್ಕೆ ವೆಲಿಂಗ್ಟನ್ ಎಂದು ಹೆಸರಾಯಿತು. ಹುಲ್ಲುಗಾವಲಿನಲ್ಲಿ ಕುದುರೆಯೇರಿ ನಾಯಿಗಳನ್ನು ಬಿಟ್ಟು ನರಿಯನ್ನು ಅಟ್ಟುವ ಆಟವೂ ನಡೆಯುತ್ತಿದ್ದಿತು. ೧೮೯೧ರಿಂದ ೧೮೯೬ರವರೆಗೆ ಗವರ್ನರನಾಗಿದ್ದ ವೆನ್‌ಲಾಕನ ಹೆಸರನ್ನು ಆ ಹುಲ್ಲುಗಾವಲು ಇಂದಿಗೂ ಹೊತ್ತುಕೊಂಡಿದೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದುದು ಬೆಟ್ಟದ ಕಡಿದಾದ ಬಂಡೆಗಳ ಮೇಲೆ ಬಾಳುವ ಕಾಡಾಡು. ಇಂಗ್ಲಿಷಿನವರು ಅದನ್ನು 'ಐಬೆಕ್ಸ್' ಎಂದು ತಪ್ಪಾಗಿ ಕರೆದರು. ಈಗ ಅದಕ್ಕೆ ನೀಲಗಿರಿ ಥಾರ್ ಎಂದು ಹೆಸರು. ತಮಿಳಿನವರು ವರೆಯಾಡು ಎನ್ನುತ್ತಾರೆ. ಕಡವೆಗಳ ಗತಿಯೂ ಹೆಚ್ಚು ಭಿನ್ನವಾಗಿರಲಿಲ್ಲ. ಹೊಡೆಯುವುದಕ್ಕೆ ಮೃಗವೇ ಉಳಿಯದೆ ಹೋದೀತೆಂಬ ಭಯ ಬೇಟೆಗಾರರಿಗೇ ಹುಟ್ಟಿತು. ೧೮೭೭ರಲ್ಲಿ ಅವರು ನೀಲಗಿರಿ ಬೇಟೆ ಸಂಘವನ್ನು ಕಟ್ಟಿಕೊಂಡರು. ಅವರ ಒತ್ತಾಯದಿಂದ ೧೮೭೯ರಲ್ಲಿ ಮದರಾಸು ಸರಕಾರವು ನೀಲಗಿರಿಯ ಮೃಗ ಮತ್ತು ಮತ್ಸ್ಯ ಸಂರಕ್ಷಣೆಯ ಕಾನೂನನ್ನು ಮಾಡಿತು. ಬೇಟೆಗೆ ಪರವಾನಗಿ ಬೇಕಾಯಿತು. ಮೃಗಗಳು ಮರಿಹಾಕುವ ಕಾಲದಲ್ಲಿ ಬೇಟೆ ನಿಷಿದ್ಧವಾಯಿತು. ನಮ್ಮ ದೇಶದಲ್ಲಿ ಕಾಡುಮೃಗಗಳಿಗೆಂದು ಒಂದು ಬೆಟ್ಟಸೀಮೆಯಲ್ಲಿ ಹಾಕಿದ ಕಟ್ಟುಪಾಡುಗಳಲ್ಲಿ ಇದು ಬಹು ಹಿಂದಿನದು.

ಕಟ್ಟುಪಾಡು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಅದು ಯಾರಿಗೆ ಹೇಗೆ ತಗುಲಿತೆಂಬುದನ್ನು ಮಾತ್ರ ನಿಷ್ಪಕ್ಷಪಾತವಾಗಿ ನೋಡಬೇಕು. ಒಂದು ವರ್ಷ ಹಿಂದೆ, ೧೮೭೮ರಲ್ಲಿ, ಭಾರತದ ಆಯುಧ ಕಾನೂನು ಬಂದಿದ್ದಿತು. ಅದರ ಮೇರೆಗೆ ನಮ್ಮವರು ಕೋವಿಯನ್ನಿಡಲು ಪರವಾನಗಿ ಪಡೆಯಬೇಕಾಗಿತ್ತು, ಯುರೋಪಿನವರಿಗೆ ವಿನಾಯಿತಿಯಿದ್ದಿತು. ೧೮೮೨ರಲ್ಲಿ ಮದರಾಸಿನ ಅರಣ್ಯ ಕಾನೂನು ಬಂದಿತು. ಮೂರು ಕಾನೂನುಗಳೂ ಕೂಡಿದಾಗ ಉಂಟಾದ ಫಲವನ್ನು ನೋಡಿ: ವಿನೋದಕ್ಕೆ ಹೊಡೆಯುವ ಅತಿಥಿಯು 'ಬೇಟೆಗಾರ'ನೆನಿಸಿದನು, ಹೊಟ್ಟೆಗಾಗಿ ಬಲೆಯೊಡ್ಡುವ ಕುರುಂಬನೂ ಇರುಳನೂ 'ಕಳ್ಳಬೇಟೆಗಾರ'ರೆನಿಸಿದರು. ಹಂದಿ ಬಂದು ರಾಗಿಯ ಹೊಲವನ್ನು ಉತ್ತುಹೋದರೆ ರೈತನು ತಮಟೆ ಬಡಿಯಬೇಕು, ಇಲ್ಲವೇ ಕಚೇರಿಗೆ ಅಲೆಯಬೇಕು. ನಿಯಮವು ಒಳ್ಳೆಯದಾಗಿದ್ದೂ ಅದರ ಭಾರವನ್ನು ಸಮವಾಗಿ ಹಂಚಲಿಲ್ಲವೆಂಬುದು ಈ ಚರಿತ್ರೆಯ ಮೊದಲ ಪಾಠ.

ಇದಕ್ಕೆ ಪ್ರತಿಯಾಗಿ ನೆರೆಯ ಕೊಡಗನ್ನು ನೆನೆಯುವುದು ಅಪ್ರಕೃತವಾಗಲಾರದು. ಅಲ್ಲಿ ಕೋವಿಯು ಮನೆಯ ದೇವರ ಕೋಣೆಗೆ ಸಲ್ಲುವ ವಸ್ತು. ಕೈಲ್ ಪೊಳ್ದ್ ಹಬ್ಬದಂದು ಅದಕ್ಕೆ ಹೂವೇರಿಸಿ ಪೂಜಿಸುತ್ತಾರೆ. ೧೮೬೧ರಲ್ಲಿ ಚೀಫ್ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು ಕೊಡವರಿಗೆ ಆಯುಧ ಪರವಾನಗಿಯಿಂದ ವಿನಾಯಿತಿ ಕೊಟ್ಟನು. ಆ ವಿನಾಯಿತಿಯು ಸ್ವತಂತ್ರ ಭಾರತದಲ್ಲಿಯೂ ಮುಂದುವರಿದು, ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ನವೀಕರಣಗೊಂಡಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಒಂದು ಬೆಟ್ಟದಲ್ಲಿ ಕೋವಿಯು ನೆಲದವರ ಗೌರವದ ಕುರುಹಾಯಿತು. ಅದರ ಪಕ್ಕದ ಬೆಟ್ಟದಲ್ಲಿ ಅತಿಥಿಯ ವಿನೋದದ ಸಾಧನವಾಯಿತು.

ಮದ್ದಿನ ಮಾತು ಬಂದುದರಿಂದ ಅರುವಂಕಾಡನ್ನು ಹೇಳದೆ ಬಿಡಲಾಗದು. ಕುನ್ನೂರಿನಿಂದ ಉದಕಮಂಡಲಕ್ಕೆ ಹೋಗುವ ರೈಲು ಈ ಕಣಿವೆಯ ಪಕ್ಕದಲ್ಲಿಯೇ ಸಾಗುತ್ತದೆ. ಹೊಗೆಯಿಲ್ಲದೆ ಉರಿಯುವ ಕಾರ್ಡೈಟ್ ಎಂಬ ಮದ್ದನ್ನು ತಯಾರಿಸುವುದಕ್ಕಾಗಿ ಸರಕಾರವು ೨೦ನೆಯ ಶತಮಾನದ ಆದಿಯಲ್ಲಿ ಇಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿತು. ಅದಕ್ಕೆ ಬೇಕಾದ ವಿದ್ಯುಚ್ಛಕ್ತಿಯನ್ನು ಕಾಟೇರಿ ಜಲಪಾತದಿಂದ ಪಡೆದರು. ೨೦೨೧ರಿಂದ ಅದು ಮ್ಯುನಿಷನ್ಸ್ ಇಂಡಿಯಾ ಎಂಬ ಸರಕಾರೀ ಕಂಪೆನಿಯ ಆಡಳಿತದಲ್ಲಿದೆ. ಬೆಟ್ಟದಲ್ಲಿ ಬೇಟೆಯ ಕೋವಿ ಮೌನವಾದರೂ ಮದ್ದಿನ ಕೆಲಸ ನಿಂತಿಲ್ಲ. ಅನೇಕ ಸಂಸಾರಗಳ ಅನ್ನವೂ ಅದರಿಂದ ನಡೆದಿದೆ.

ಕೋವಿಯಂಗಡಿಯನ್ನು ಹುಡುಕಿಕೊಂಡು ಹೋಗುವವನು ಇಂದು ಏನನ್ನು ಕಾಣುತ್ತಾನೆ? ಉದಕಮಂಡಲದ ಪೇಟೆಬೀದಿಯಲ್ಲಿ ಅತಿಥಿಯ ಕಣ್ಣಿಗೆ ಬೀಳುವುದು ನೀಲಗಿರಿ ತೈಲ, ಚಹಾ, ವರ್ಕಿ, ಮನೆಯಲ್ಲಿ ಮಾಡಿದ ಚಾಕೊಲೇಟುಗಳ ಅಂಗಡಿಗಳು. ಕೋವಿಯಂಗಡಿಯೆಂಬುದು ನಮ್ಮ ದೇಶದಲ್ಲಿ ಬಂದವರೆಲ್ಲ ಕೈಹಾಕಿ ಕೊಳ್ಳುವ ಸಂತೆಯಲ್ಲ. ಮಾರುವವನಿಗೂ ಪರವಾನಗಿ ಬೇಕು, ಕೊಳ್ಳುವವನಿಗೂ ಬೇಕು. ೧೯೫೯ರ ಆಯುಧ ಕಾನೂನಿನ ಮೇರೆಗೆ ಪ್ರತಿಯೊಂದು ಕೋವಿಯನ್ನೂ ಪರವಾನಗಿಯಲ್ಲಿ ದಾಖಲಿಸಬೇಕು. ತೋಟಾಗಳ ಸಂಖ್ಯೆಗೂ ಮಿತಿಯಿದೆ. ೨೦೧೯ರ ತಿದ್ದುಪಡಿಯಂತೆ ಸಾಮಾನ್ಯ ಪ್ರಜೆಯು ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಇಡುವಂತಿಲ್ಲ. ಅಂಗಡಿಯವನು ಮಾರುವ ಕೆಲಸದ ಜೊತೆಗೆ ಇತರರ ಕೋವಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಕೆಲಸವನ್ನೂ ಮಾಡುತ್ತಾನೆ. ಚುನಾವಣೆಯ ಕಾಲದಲ್ಲಿ ಠಾಣೆಗೆ ಅಥವಾ ಇಂಥ ಅಂಗಡಿಗೆ ಕೋವಿಗಳನ್ನು ಒಪ್ಪಿಸುವ ಪದ್ಧತಿಯನ್ನು ಹಳ್ಳಿಯವರು ಬಲ್ಲರು.

ಗಡಿಸೀಮೆಯ ನಮ್ಮ ಕೆಲವು ಮನೆಗಳಲ್ಲಿ ತಾತನ ಕಾಲದ ಒಂಟಿನಳಿಗೆಯೊಂದು ಅಟ್ಟದ ಮೇಲೆ ಇರುವುದುಂಟು. ಅಂಥ ಮನೆಯವರಿಗೆ ಎರಡು ಸಂಗತಿಗಳು ತಿಳಿದಿರಬೇಕು. ಪೈರಿನ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಮಾತನ್ನು ೧೯೫೯ರ ಕಾನೂನೇ ಹೇಳುತ್ತದೆ. ರೈತನ ಅಗತ್ಯವನ್ನು ಸ್ವತಂತ್ರ ಭಾರತದ ಶಾಸನವು ಮರೆಯಲಿಲ್ಲ. ಪರವಾನಗಿ ಪಡೆದಿದ್ದ ಹಿರಿಯರು ತೀರಿಕೊಂಡರೆ, ಆ ಕೋವಿಯು ಆಸ್ತಿಯಂತೆ ತಾನಾಗಿ ಮಗನಿಗೆ ಸೇರುವುದಿಲ್ಲ. ಅದನ್ನು ತಡಮಾಡದೆ ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ಕೋವಿಯಂಗಡಿಗೋ ಒಪ್ಪಿಸಿ, ತಮ್ಮ ಹೆಸರಿಗೆ ಪರವಾನಗಿಯನ್ನು ಪಡೆದ ಮೇಲೆಯೇ ಮನೆಗೆ ತರಬೇಕು. ಹಿರಿಯರ ನೆನಪೆಂದು ಅಟ್ಟದಲ್ಲಿಯೇ ಇಟ್ಟುಕೊಂಡರೆ ಭಕ್ತಿಯೇ ಅಪರಾಧವಾದೀತು.

ಬೇಟೆಯ ಕಾಲ ಮುಗಿದುದು ಒಂದೇ ದಿನದಲ್ಲಲ್ಲ. ೧೯೪೦ರಲ್ಲಿ ಮುದುಮಲೆಯು ಅಭಯಾರಣ್ಯವಾಯಿತು. ಮೈಸೂರು ಅರಸರ ಬೇಟೆಕಾಡಾಗಿದ್ದ ಬಂಡೀಪುರವು ೧೯೭೩ರಲ್ಲಿ ಹುಲಿಗಳ ರಕ್ಷಿತಾರಣ್ಯವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಕೂಡ ಮೊದಲಿಗೆ ಕೆಲವು ಮೃಗಗಳ ಬೇಟೆಗೆ ಪರವಾನಗಿಯ ಅವಕಾಶವನ್ನು ಇಟ್ಟಿದ್ದಿತು. ೧೯೯೧ರ ತಿದ್ದುಪಡಿಯಿಂದ ಆ ಬಾಗಿಲೂ ಮುಚ್ಚಿತು. ೧೮೭೭ರ ಬೇಟೆ ಸಂಘವು ತನ್ನ ಹೆಸರಿನಿಂದ ಬೇಟೆಯನ್ನು ತೆಗೆದುಹಾಕಿ ವನ್ಯಜೀವಿಗಳ ಸಂಘವಾಗಿ ಮಾರ್ಪಟ್ಟಿತು. ಕುನ್ನೂರಿನ ವಕೀಲರಾಗಿದ್ದ ಇ. ಆರ್. ಸಿ. ದಾವಿದಾರ್ ಅವರು ೧೯೭೦ರ ದಶಕದಲ್ಲಿ ಬೆಟ್ಟಬೆಟ್ಟವನ್ನು ಸುತ್ತಿ ಕಾಡಾಡುಗಳನ್ನು ಎಣಿಸಿದರು. ತಮಿಳುನಾಡಿನಲ್ಲಿ ೨೦೨೪ರ ಗಣತಿಯು ೧,೦೩೧ ಕಾಡಾಡುಗಳನ್ನು ಎಣಿಸಿತು. ಕೋವಿಯ ಗುರಿಗೆ ಬಿದ್ದ ಮೃಗವು ಇಂದು ಆ ರಾಜ್ಯದ ಲಾಂಛನಮೃಗವಾಗಿದೆ.

ಕೋವಿಯ ಕಥೆ ಹೀಗೆ ಮುಗಿದರೂ ದಾರಿಯ ಕಥೆ ಮುಗಿಯಲಿಲ್ಲ. ಅಂದು ಕುದುರೆಯೂ ಪಲ್ಲಕ್ಕಿಯೂ ಏರಿದ ಘಟ್ಟಗಳಲ್ಲಿ ಇಂದು ಮೋಟಾರುಗಳು ಸಾಲುಗಟ್ಟುತ್ತವೆ. ನಮ್ಮ ಮನೆಗಳ ಮಕ್ಕಳು ಈ ದಾರಿಗಳನ್ನು ನೋಡಬೇಕು. ಕಣ್ಣಿನ ಸುಖಕ್ಕಾಗಿಯೂ, ಚರಿತ್ರೆಯ ಪರಿಚಯಕ್ಕಾಗಿಯೂ ನೋಡಬೇಕು. ಆದುದರಿಂದ ನಾಲ್ಕು ದಾರಿಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯದು ಕೋತಗಿರಿಯದು. ಮೆಟ್ಟುಪಾಳಯದಿಂದ ಏರುವ ಈ ದಾರಿಯು ಸಲಿವನ್ನನ ಕಾಲದ ದಾರಿಯ ವಾರಸುದಾರ. ಕೋತಗಿರಿಯಿಂದ ಮುಂದೆ ಕೋಡನಾಡಿನ ಅಂಚಿಗೆ ಹೋಗಿ ನಿಂತರೆ ಕೆಳಗೆ ಮೋಯಾರಿನ ಕಣಿವೆ ತೆರೆದುಕೊಳ್ಳುತ್ತದೆ. ದೂರದಲ್ಲಿ ಕಾಣುವ ನೀರಿನ ಹರಹಿನ ಅಡಿಯಲ್ಲಿಯೇ ಹಳೆಯ ದಣಾಯಕನಕೋಟೆಯಿದೆಯೆಂಬುದನ್ನು ಮಕ್ಕಳಿಗೆ ಹೇಳಬೇಕು. ಎರಡನೆಯದು ಕುನ್ನೂರು ಘಟ್ಟ. ಮೆಟ್ಟುಪಾಳಯದಿಂದ ೧೪ ತಿರುಗಣೆಗಳನ್ನು ದಾಟಿ, ರೈಲುದಾರಿಯನ್ನು ಆಗಾಗ ಸಂಧಿಸುತ್ತ ಇದು ಏರುತ್ತದೆ. ಕುನ್ನೂರಿನ ಬಳಿ ಹುಲಿಕಲ್ ದುರ್ಗದ ಶಿಖರವಿದೆ; ಟಿಪ್ಪುವಿನ ಕಾಲದ ಕಾವಲಿನ ನೆನಪು ಅದರೊಡನೆ ಹೆಣೆದುಕೊಂಡಿದೆ.

ಮೂರನೆಯದು ಗೂಡಲೂರು ದಾರಿ. ಉದಕಮಂಡಲದಿಂದ ಪೈಕಾರ, ನಡುವಟ್ಟಂಗಳ ಮೇಲೆ ಇಳಿದು, ಗೂಡಲೂರು, ಮುದುಮಲೆ, ಬಂಡೀಪುರಗಳನ್ನು ಹಾಯ್ದು ಗುಂಡ್ಲುಪೇಟೆಯನ್ನು ಸೇರುತ್ತದೆ. ಹುಲ್ಲುಗಾವಲು, ಸೋಲೆಕಾಡು, ಚಹಾತೋಟ, ಬಿದಿರುಮೆಳೆ, ಕುರುಚಲು ಕಾಡು ಎಂಬ ಐದು ಬಗೆಯ ನೆಲವನ್ನು ಒಂದೇ ದಿನದಲ್ಲಿ ತೋರುವ ದಾರಿ ಇದು. ಗೂಡಲೂರು ಸೀಮೆಯು ವಯನಾಡಿನ ಭಾಗವಾಗಿದ್ದು ೧೮೭೭ರಲ್ಲಿ ನೀಲಗಿರಿಗೆ ಸೇರಿದುದರಿಂದ ಕನ್ನಡ, ತಮಿಳು, ಮಲೆಯಾಳಗಳು ಇಲ್ಲಿ ಒಂದೇ ಪೇಟೆಯಲ್ಲಿ ಕೇಳಿಬರುತ್ತವೆ. ನಾಲ್ಕನೆಯದು ಕಲ್ಲಹಟ್ಟಿಯ ಮೇಲೆ ಮಸಿನಗುಡಿಗೆ ಇಳಿಯುವ ಸೀಗೂರು ಘಟ್ಟ. ೩೬ ತಿರುಗಣೆಗಳ ಈ ದಾರಿಯು ಮೈಸೂರಿಗೆ ಹತ್ತಿರವಾದುದು, ಆದರೆ ಬಹಳ ಕಡಿದು. ೨೦೧೮ರಲ್ಲಿ ಸಂಭವಿಸಿದ ಘೋರ ಅಪಘಾತದ ತರುವಾಯ ಹೊರಗಿನ ವಾಹನಗಳು ಇಲ್ಲಿ ಇಳಿಯುವುದಕ್ಕೆ ನಿರ್ಬಂಧ ವಿಧಿಸಲಾಯಿತು. ಹೊರಡುವ ಮುನ್ನ ಪೊಲೀಸ್ ಚೌಕಿಯಲ್ಲಿ ವಿಚಾರಿಸುವುದು ವಿವೇಕ.

ಈ ಚೆಲುವಾದ ದಾರಿಗಳ ಮೇಲೆಯೇ ಇಂದು ಹಳೆಯ ಪ್ರಶ್ನೆ ಮರಳಿ ಬಂದಿದೆ. ರಾತ್ರಿಯ ಕತ್ತಲಲ್ಲಿ ವೇಗವಾಗಿ ಹೋಗುವ ಲಾರಿಯು ಕಡವೆಗೆ ಕೋವಿಗಿಂತ ಕಡಿಮೆ ಕ್ರೂರವಲ್ಲ. ಬೇಟೆಗಾರನಾದರೂ ಗುರಿಯಿಟ್ಟು ಹೊಡೆಯುತ್ತಿದ್ದನು. ವಾಹನವು ಗುರಿಯಿಲ್ಲದೆ ಕೊಲ್ಲುತ್ತದೆ. ಈ ಕಾರಣದಿಂದಲೇ ೨೦೦೯ರಲ್ಲಿ ಬಂಡೀಪುರದ ದಾರಿಗಳಲ್ಲಿ ರಾತ್ರಿ ೯ ಗಂಟೆಯಿಂದ ಬೆಳಗಿನ ೬ ಗಂಟೆಯವರೆಗೆ ಸಂಚಾರವನ್ನು ನಿಲ್ಲಿಸಲಾಯಿತು. ೨೦೧೦ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಸ್ಥಿರಪಡಿಸಿತು. ೨೦೨೨ರಲ್ಲಿ ಸತ್ಯಮಂಗಲದ ದಿಂಬಂ ಘಟ್ಟಕ್ಕೂ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಿಂದ ರಾತ್ರಿಯ ನಿರ್ಬಂಧ ಬಂದಿತು. ೨೦೨೦ರಲ್ಲಿ ಸುಪ್ರೀಂ ಕೋರ್ಟು ಸೀಗೂರು ಬಯಲಿನ ಆನೆದಾರಿಯನ್ನು ಕಾಪಾಡಬೇಕೆಂದು ತೀರ್ಪಿತ್ತಿತು. ೨೦೨೪ರ ಮೇ ತಿಂಗಳಿನಿಂದ ಹೊರಗಿನ ವಾಹನಗಳು ನೀಲಗಿರಿಗೆ ಬರಲು ಇ-ಪಾಸ್ ಎಂಬ ರಹದಾರಿಯನ್ನು ಪಡೆಯಬೇಕಾಯಿತು. ೨೦೨೫ರ ಬೇಸಗೆಯಲ್ಲಿ ದಿನಕ್ಕೆ ೬,೦೦೦, ವಾರಾಂತ್ಯದಲ್ಲಿ ೮,೦೦೦ ವಾಹನಗಳೆಂದು ನ್ಯಾಯಾಲಯವು ಮಿತಿಯನ್ನು ಗೊತ್ತುಮಾಡಿತು.

ವಾಚಕರು ಒಂದು ಕ್ಷಣ ಹೋಲಿಸಿ ನೋಡಬೇಕು. ೧೮೭೯ರ ಕಾನೂನಿನಲ್ಲಿ ಪರವಾನಗಿಯೂ ನಿಷಿದ್ಧ ಋತುವೂ ಇದ್ದುವು. ಇಂದಿನ ದಾರಿಗೆ ರಹದಾರಿಯೂ ನಿಷಿದ್ಧ ವೇಳೆಯೂ ಬಂದಿವೆ. ಅಂದು ಕೋವಿಗೆ ಹಾಕಿದ ಕಡಿವಾಣವನ್ನೇ ಇಂದು ಗಾಲಿಗೆ ಹಾಕಿದ್ದೇವೆ. ತಡವಾಗಿ ಹಾಕಿದ ಕಡಿವಾಣದಿಂದ ಕಾಡಾಡು ಅಳಿವಿನ ಅಂಚಿಗೆ ಬಂದಿತು. ಈ ಸಲವೂ ತಡಮಾಡಿದರೆ ಬೆಟ್ಟವೇ ಅಂಚಿಗೆ ಬಂದೀತು. ಆದುದರಿಂದ ಕಟ್ಟುಪಾಡಿಗೆ ಒಳಪಡುವುದು ನಮಗೂ ಅತಿಥಿಗೂ ಸಮಾನ ಧರ್ಮ.

ಹಾಗೆಂದು ಗಡಿನಾಡಿನವರ ಕಷ್ಟವನ್ನು ಮರೆಮಾಚುವುದು ಸಲ್ಲದು. ಗೂಡಲೂರಿನವರಿಗೆ ಮೈಸೂರಿನ ಆಸ್ಪತ್ರೆ ಹತ್ತಿರ. ತಾಳವಾಡಿಯವರಿಗೆ ಚಾಮರಾಜನಗರ ಹತ್ತಿರವಾದರೂ ತಮ್ಮ ಜಿಲ್ಲೆಯ ಕಚೇರಿಯನ್ನು ಕಾಣಲು ದಿಂಬಂ ಘಟ್ಟದ ೨೭ ತಿರುಗಣೆಗಳನ್ನು ಇಳಿಯಲೇಬೇಕು. ಅವರಿಗೆ ದಾರಿಯು ವಿಹಾರವಲ್ಲ, ಬದುಕು. ಬಂಡೀಪುರದಲ್ಲಿ ರೋಗಿಗಳ ವಾಹನಕ್ಕೂ ಗೊತ್ತಾದ ಕೆಲವು ಬಸ್ಸುಗಳಿಗೂ ರಾತ್ರಿ ಅವಕಾಶವಿರುವುದು, ನೀಲಗಿರಿಯ ರಹದಾರಿಯಿಂದ ಸ್ಥಳೀಯರ ವಾಹನಗಳನ್ನು ಬಿಟ್ಟಿರುವುದು, ಇವು ನ್ಯಾಯವಾದ ಮಾತುಗಳು. ೧೮೭೮ರಲ್ಲಿ ಅತಿಥಿಗೆ ವಿನಾಯಿತಿ, ನೆಲದವನಿಗೆ ನಿರ್ಬಂಧ ಎಂದಾಗಿದ್ದಿತು. ಇಂದು ಆ ತಕ್ಕಡಿಯು ನೆಟ್ಟಗಾಗಿದೆ. ಅದು ಮತ್ತೆ ವಾಲದಂತೆ, ಹಣವುಳ್ಳವನ ವಿಹಾರಕ್ಕೆ ಬಾಗಿಲು ತೆರೆದು ಬಡವನ ಸಂತೆಯ ದಾರಿ ಮುಚ್ಚದಂತೆ, ಎಚ್ಚರದಿಂದಿರುವುದು ನಮ್ಮಂಥ ಸಂಘಗಳ ಕರ್ತವ್ಯ.

ಮಕ್ಕಳನ್ನು ಕರೆದುಕೊಂಡು ಈ ದಾರಿಗಳಲ್ಲಿ ಹೋಗುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿಯಿದೆ. ತಿರುಗಣೆಯ ಬಳಿ ವಾಹನವನ್ನು ನಿಲ್ಲಿಸಿ ಊರಿನ ಹೆಸರನ್ನು ಓದಿಸಿರಿ. ಹಲಗೆಯ ಮೇಲಣ ಲಿಪಿ ಯಾವುದೇ ಇರಲಿ, ದೊಡ್ಡಬೆಟ್ಟ, ಕಲ್ಲಹಟ್ಟಿ, ಹುಲಿಕಲ್ಲು ಎಂಬ ಮಾತುಗಳೊಳಗಿನ ಕನ್ನಡವನ್ನು ಅವರೇ ಗುರುತಿಸಲಿ. ೧೮೪೬ರಲ್ಲಿ ಬಾಸೆಲ್ ಮಿಷನ್ನಿನವರು ಕೇತಿಗೆ ಬಂದು ಬಡಗ ಮಕ್ಕಳಿಗೆ ಶಾಲೆಗಳನ್ನು ನಡೆಸಿದಾಗ ಕನ್ನಡವನ್ನೇ ಕಲಿಸಿದರೆಂಬುದನ್ನು ತಿಳಿಸಿರಿ. ಬಂಡೆಯ ಮೇಲೆ ಕಾಡಾಡು ಕಂಡರೆ ಸದ್ದಿಲ್ಲದೆ ನೋಡಲು ಕಲಿಸಿರಿ. ಕೋವಿಯನ್ನು ಹೆಗಲಿಗೇರಿಸಿ ಬಂದವರು ಹೋದರು. ಅವರ ಹೆಸರಿನ ಹುಲ್ಲುಗಾವಲುಗಳೂ ಬಂಗಲೆಗಳೂ ಉಳಿದುವು. ದಾರಿ ಕಡಿದವರ, ಪಲ್ಲಕ್ಕಿ ಹೊತ್ತವರ ಹೆಸರು ಉಳಿಯಲಿಲ್ಲ. ಅವರು ಕಟ್ಟಿದ ದಾರಿ ಉಳಿಯಿತು. ಆ ದಾರಿಯಲ್ಲಿ ನಿಧಾನವಾಗಿ, ನೆಲಕ್ಕೆ ನೋವಾಗದಂತೆ ಹೋಗಿಬರುವುದೇ ಆ ಹೆಸರಿಲ್ಲದ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ.